ಕಾಳ್ಗಿಚ್ಚಿನ ಹೊಗೆ ಬಂದಾಗ ಮನೆ, ಅಡುಗೆ, ಶಾಲೆ, ಅಂಗಡಿ: ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ ಕುಟುಂಬಗಳಿಗೆ ಹಂತ ಹಂತದ ಮಾರ್ಗದರ್ಶಿ

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಕರೆಗಳು ಶುರುವಾಗುತ್ತವೆ. "ಏರ್ ಪ್ಯೂರಿಫೈಯರ್ ತಂದಿದ್ದೀವಿ, ಮೂರು ದಿನದಿಂದ ಓಡ್ತಾನೇ ಇದೆ, ಆದ್ರೂ ಅತ್ತೆಗೆ ಕೆಮ್ಮು ನಿಂತಿಲ್ಲ." ಹೋಗಿ ನೋಡಿದರೆ ಯಂತ್ರ ಹಾಲ್‌ನ ಮೂಲೆಯಲ್ಲಿ, ಸೋಫಾದ ಹಿಂದೆ ಇರುತ್ತದೆ. ಬಚ್ಚಲುಮನೆಯ ಕಿಟಕಿ ನಾಲ್ಕು ಬೆರಳಷ್ಟು ತೆರೆದಿರುತ್ತದೆ. ಒಲೆಯ ಮೇಲೆ ಸಾಸಿವೆ ಸಿಡಿಯುತ್ತಿರುತ್ತದೆ, ದೇವರ ಮುಂದೆ ಎರಡು ಊದುಬತ್ತಿ ಉರಿಯುತ್ತಿರುತ್ತವೆ.

ಇವರಿಗೆ ಸಾಮಾನಿನ ಕೊರತೆ ಇಲ್ಲ. ಕೆಲಸದ ಕ್ರಮ ತಪ್ಪಿದೆ, ಅಷ್ಟೆ. ಮೊದಲು ಒಂದು ಕೋಣೆಯ ಗಾಳಿ ಶುದ್ಧ ಮಾಡಿಕೊಳ್ಳಬೇಕು. ಅಡುಗೆ, ಶಾಲೆ, ಅಂಗಡಿ, ಔಷಧಿ ಎಲ್ಲವನ್ನೂ ಆ ಕೋಣೆಯ ಸುತ್ತ ಹೊಂದಿಸಿಕೊಳ್ಳಬೇಕು. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ.

ಹೊಗೆ ಬರುವ ಮುಂಚೆಯೇ ಮನೆಯಲ್ಲಿರಬೇಕಾದ ಸಾಮಾನು

ಹೊಗೆ ಬಂದ ಮಾರನೇ ದಿನ ಅಂಗಡಿಗೆ ಹೋದರೆ ಪ್ಯೂರಿಫೈಯರ್ ಇಟ್ಟಿದ್ದ ಕಪಾಟು ಖಾಲಿ. ಹಾಗಾಗಿ ಜೂನ್‌ನಲ್ಲೇ, ಊರಿಂದ ಅಪ್ಪ ಅಮ್ಮ ಬರುವ ಹೊತ್ತಿಗೆ, ಇಷ್ಟು ತಂದಿಡಿ:

- ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವಂಥದ್ದು) ಇರುವ ಒಂದು ಏರ್ ಪ್ಯೂರಿಫೈಯರ್, ಜೊತೆಗೆ ಇನ್ನೊಂದು ಬದಲಿ ಫಿಲ್ಟರ್
- ಮನೆಯ ಹೀಟರ್-ಎಸಿಗೆ ಹೊಂದುವ ಮರ್ವ್ 13 ಫಿಲ್ಟರ್ (ಮರ್ವ್ ಅಂದರೆ ಫಿಲ್ಟರ್ ಎಷ್ಟು ಚೆನ್ನಾಗಿ ಕಣ ಹಿಡಿಯುತ್ತದೆ ಅನ್ನುವ ಅಂಕಿ), ಎರಡು
- ಎನ್95 ಮಾಸ್ಕ್ ಒಂದು ಡಬ್ಬ
- ಮನೆಯವರ ಔಷಧಿ, ಕನಿಷ್ಠ ಎರಡು ವಾರಕ್ಕೆ ಆಗುವಷ್ಟು
- ಹಳೆಯ ದಪ್ಪ ಟವೆಲ್‌ಗಳು, ಅಗಲವಾದ ಟೇಪು

ಪ್ಯೂರಿಫೈಯರ್ ಡಬ್ಬದ ಮೇಲೆ ಸಿಎಡಿಆರ್ ಎಂಬ ಅಂಕಿ ಇರುತ್ತದೆ, ಯಂತ್ರ ನಿಮಿಷಕ್ಕೆ ಎಷ್ಟು ಘನ ಅಡಿ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ ಅದು. ಅದರಲ್ಲಿ ಹೊಗೆಗೆ ಅಂತ ಬರೆದಿರುವುದನ್ನೇ ನೋಡಿ. ಸಾಮಾನ್ಯ ದಿನಗಳಿಗೆ ಕೋಣೆಯ ಚದರಡಿಯ ಮೂರನೇ ಎರಡು ಭಾಗ ಸಾಕು ಅನ್ನುತ್ತಾರೆ. ಕಾಳ್ಗಿಚ್ಚಿನ ಹೊಗೆಗೆ ಆ ಅಂಕಿ ಕೋಣೆಯ ಚದರಡಿಯಷ್ಟೇ ಇರಬೇಕು. 12 ಅಡಿ ಉದ್ದ, 15 ಅಡಿ ಅಗಲದ ಕೋಣೆಗೆ 180. ಸುಮ್ನೆ "ದೊಡ್ಡ ಕೋಣೆಗೆ" ಅಂತ ಬರೆದಿದ್ದನ್ನು ನಂಬಿ ತರಬೇಡಿ. ಓಝೋನ್ ಬಿಟ್ಟು ಗಾಳಿ ತೊಳೆಯುತ್ತೇವೆ ಅನ್ನುವ ಯಂತ್ರಗಳಂತೂ ಬೇಡವೇ ಬೇಡ. ಓಝೋನ್ ತಾನೇ ಶ್ವಾಸಕೋಶ ಸುಡುತ್ತದೆ.

ಹಂತ 1: ಕಣ್ಣು, ಮೂಗು ಬಿಟ್ಟು ಅಂಕಿ ನೋಡಿ

2020ರ ಸೆಪ್ಟೆಂಬರ್ 9 ನೆನಪಿದೆಯಾ? ಬೆಳಗ್ಗೆ ಹತ್ತು ಗಂಟೆಗೆ ಆಕಾಶ ಕೇಸರಿ ಬಣ್ಣಕ್ಕೆ ತಿರುಗಿ, ಬೀದಿದೀಪಗಳು ಹೊತ್ತಿಕೊಂಡಿದ್ದವು. ಎಲ್ಲರೂ ಹೆದರಿದ್ದು ಆವತ್ತು. ಆದರೆ ಆ ದಿನ ಹೊಗೆ ಬಹುಪಾಲು ಮೇಲೇ ಇತ್ತು. ಕೆಳಗಿನ ಸಮುದ್ರದ ತಂಪು ಗಾಳಿ ಅದನ್ನು ನೆಲಕ್ಕೆ ಇಳಿಯಲು ಬಿಟ್ಟಿರಲಿಲ್ಲ. ಮುಂದಿನ ಎರಡು ಮೂರು ದಿನ ಆಕಾಶ ಬರೀ ಬೂದು ಬಣ್ಣ, "ಪರವಾಗಿಲ್ಲ, ತಿಳಿಯಾಯ್ತು" ಅಂತ ಜನ ಹೊರಗೆ ಬಂದರು. ಉಸಿರಾಡುವ ಗಾಳಿ ನಿಜವಾಗಿ ಕೆಟ್ಟಿದ್ದು ಆಗ.

ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ಇಪಿಎ ನಡೆಸುವ ಏರ್‌ನೌ ತಾಣದ ಬೆಂಕಿ ಮತ್ತು ಹೊಗೆ ನಕ್ಷೆಯನ್ನು ಫೋನಿನ ಮೊದಲ ಪುಟದಲ್ಲೇ ಇಟ್ಟುಕೊಳ್ಳಿ. ಸರ್ಕಾರಿ ಮಾಪಕಗಳ ಜೊತೆ ಮನೆಮನೆಯ ಚಿಕ್ಕ ಸೆನ್ಸರ್‌ಗಳೂ ಅದರಲ್ಲಿ ಕಾಣುತ್ತವೆ, ಅವುಗಳ ಅಂಕಿ ತಿದ್ದಿಯೇ ತೋರಿಸುತ್ತಾರೆ. ಆ ಚಿಕ್ಕ ಸೆನ್ಸರ್‌ಗಳದೇ ಆದ ಪರ್ಪಲ್‌ಏರ್ ನಕ್ಷೆಯನ್ನು ನೇರವಾಗಿ ನೋಡುವುದಾದರೆ ಸೆಟ್ಟಿಂಗ್‌ನಲ್ಲಿ ಇಪಿಎ ತಿದ್ದುಪಡಿ ಆರಿಸಿ. ಇಲ್ಲದಿದ್ದರೆ ಮರದ ಹೊಗೆಯನ್ನು ಅದು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ನಕ್ಷೆಯಲ್ಲಿ ಕಾಣುವ ಅಂಕಿ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಅಳತೆ. ಅದು 50ರವರೆಗೆ ಹಸಿರು. 51ರಿಂದ 100 ಹಳದಿ. 101ರಿಂದ 150 ಕಿತ್ತಳೆ: ಮಕ್ಕಳು, ವಯಸ್ಸಾದವರು, ಗರ್ಭಿಣಿಯರು, ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಎಚ್ಚರ. 151ರಿಂದ 200 ಕೆಂಪು, ಎಲ್ಲರಿಗೂ ಕೆಟ್ಟದ್ದು. 201ರಿಂದ 300 ನೇರಳೆ. ಅದರಾಚೆ ಕಡುಗೆಂಪು.

ಊರಿಂದ ಬಂದ ಹಿರಿಯರು ಇಲ್ಲೊಂದು ಮಾತು ಹೇಳೇ ಹೇಳುತ್ತಾರೆ. "ಬೆಂಗಳೂರಲ್ಲೂ ನೂರು ಇರುತ್ತೆ, ಏನೂ ಆಗಲ್ಲ." ಅಲ್ಲಿನ ನೂರೂ ಇಲ್ಲಿನ ನೂರೂ ಒಂದೇ ಅಲ್ಲ. ಪಿಎಂ 2.5, ಅಂದರೆ ಹೊಗೆಯಲ್ಲಿರುವ ಅತಿ ಸಣ್ಣ ಕಣಗಳು, ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಇದ್ದರೆ ಭಾರತದ ಲೆಕ್ಕದಲ್ಲಿ ಅದು 100. ಅದೇ ಗಾಳಿ ಅಮೆರಿಕದ ಲೆಕ್ಕದಲ್ಲಿ 150 ದಾಟಿ ಕೆಂಪಿಗೆ ಹೋಗುತ್ತದೆ. ಇದನ್ನು ಸಮಾಧಾನವಾಗಿ ಕೂತು ಹೇಳಿ. ಅಂಕಿ ಅರ್ಥವಾದರೆ ಅವರೇ ಕಿಟಕಿ ಮುಚ್ಚುತ್ತಾರೆ.

ಹಂತ 2: ಒಂದೇ ಒಂದು ಕೋಣೆ ಆರಿಸಿ

ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ಒಂದು ಪ್ಯೂರಿಫೈಯರ್ ಇಡೀ ಮನೆಯನ್ನು ಕಾಪಾಡಲಿ ಅಂತ ಹಾಲ್‌ನಲ್ಲಿ ಇಡುತ್ತಾರೆ. ಅದು ಯಾವ ಕೋಣೆಯನ್ನೂ ಕಾಪಾಡುವುದಿಲ್ಲ.

ಮಲಗುವ ಕೋಣೆಯೊಂದನ್ನು ಆರಿಸಿ. ಕಿಟಕಿ ಕಡಿಮೆ ಇರಬೇಕು, ಅಡುಗೆಮನೆಗೆ ದೂರ ಇರಬೇಕು, ಬಚ್ಚಲು ಅಂಟಿಕೊಂಡಿದ್ದರೆ ಒಳ್ಳೆಯದು. ಎಲ್ಲರಿಗಿಂತ ನಾಜೂಕು ಆರೋಗ್ಯ ಇರುವವರು ಅಲ್ಲೇ ಮಲಗಲಿ. ಹೊಗೆ ಜೋರಾದ ರಾತ್ರಿ ಮಕ್ಕಳಿಗೂ ಅಲ್ಲೇ ಚಾಪೆ ಹಾಸಿ.

ಪ್ಯೂರಿಫೈಯರನ್ನು ಗೋಡೆಯಿಂದ ಒಂದಡಿಯಾದರೂ ದೂರ ಇಡಿ. ಪರದೆ, ಹಾಸಿಗೆ ಗಾಳಿಗೆ ಅಡ್ಡ ಬರಬಾರದು. ಮೊದಲ ಒಂದು ಗಂಟೆ ಪೂರ್ತಿ ವೇಗದಲ್ಲಿ ಓಡಿಸಿ, ಆಮೇಲೆ ಸದ್ದು ತಡೆಯುವಷ್ಟು ಇಳಿಸಿ. ಆಟೋದಲ್ಲಿ ಬಿಡಬೇಡಿ. ಎಷ್ಟೋ ಯಂತ್ರಗಳು ಆಟೋದಲ್ಲಿ ಬೇಗ ನಿಧಾನವಾಗಿಬಿಡುತ್ತವೆ. ಹೊಸ ಫಿಲ್ಟರ್ ಸುತ್ತ ಇರುವ ಪ್ಲಾಸ್ಟಿಕ್ ಚೀಲ ತೆಗೆದಿದ್ದೀರಾ ಅಂತಲೂ ಒಮ್ಮೆ ನೋಡಿ. ಚೀಲದ ಸಮೇತ ಒಂದು ವಾರ ಓಡಿಸಿದ ಎರಡು ಮನೆಗಳನ್ನು ನಾನೇ ಕಂಡಿದ್ದೇನೆ.

ಪ್ಯೂರಿಫೈಯರ್ ಸಿಗಲೇ ಇಲ್ಲವಾ? 20 ಇಂಚಿನ ಚೌಕ ಬಾಕ್ಸ್ ಫ್ಯಾನ್ ತನ್ನಿ. ಅದರ ಬೆನ್ನಿಗೆ 20ಕ್ಕೆ 20 ಇಂಚಿನ ಮರ್ವ್ 13 ಫಿಲ್ಟರನ್ನು ಟೇಪು ಹಾಕಿ ಅಂಟಿಸಿ. ಫಿಲ್ಟರ್ ಅಂಚಿನಲ್ಲಿರುವ ಬಾಣ ಫ್ಯಾನಿನ ಕಡೆ ತೋರಿಸಬೇಕು. ಅಂಚಿನಲ್ಲಿ ಸಂದು ಉಳಿದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಫಿಲ್ಟರ್ ದಂಡ. ಫ್ಯಾನ್ 2012ರ ನಂತರ ತಯಾರಾದದ್ದೇ ಇರಲಿ, ಹಳೆಯವು ಬಿಸಿಯಾಗುತ್ತವೆ. ಎಕ್ಸ್‌ಟೆನ್ಷನ್ ಕಾರ್ಡ್ ಬೇಡ, ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ಯಾರೂ ಇಲ್ಲದಾಗ, ಎಲ್ಲರೂ ನಿದ್ದೆಯಲ್ಲಿರುವಾಗ ಓಡಿಸಬೇಡಿ.

ಹಂತ 3: ಮನೆ ಮುಚ್ಚಿ, ಆಮೇಲೆ ಫ್ಯಾನ್ ಹಾಕಿ

ಮೊದಲು ಎಲ್ಲ ಕಿಟಕಿ, ಮೇಲಿನ ಚಿಲಕದವರೆಗೂ. ಮುಚ್ಚಿದ್ದೇ ಬೇರೆ, ಚಿಲಕ ಹಾಕಿದ್ದೇ ಬೇರೆ. ಟಿಶ್ಯೂ ಕಾಗದದ ಒಂದು ಎಳೆ ಹರಿದು ಕಿಟಕಿ ಅಂಚಿನ ಹತ್ತಿರ ಹಿಡಿಯಿರಿ. ಅದು ಅಲುಗಾಡಿದರೆ ಅಲ್ಲಿಂದ ಗಾಳಿ ಬರುತ್ತಿದೆ. ಆ ಜಾಗಕ್ಕೆ ಟೇಪು. ಬಾಗಿಲ ಕೆಳಗೆ ಸುತ್ತಿದ ಟವೆಲ್. ಹೊರಗೆ ಹೋಗುವ ದಾರಿಗೆ ಮಾತ್ರ ಟೇಪು ಹಾಕಬೇಡಿ, ತುರ್ತಿನಲ್ಲಿ ಓಡಬೇಕಾಗಬಹುದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯಾ ಅಂತ ಬಟನ್ ಒತ್ತಿ ನೋಡಿ.

ಆಮೇಲೆ ಥರ್ಮೋಸ್ಟಾಟ್. ಫ್ಯಾನ್ ಆಟೋದಿಂದ ಆನ್‌ಗೆ ಬರಲಿ. ಆಗ ಹೀಟರ್, ಎಸಿ ನಿಂತಿದ್ದರೂ ಮನೆಯ ಗಾಳಿ ಮರ್ವ್ 13 ಫಿಲ್ಟರ್ ಮೂಲಕ ಸುತ್ತುತ್ತಿರುತ್ತದೆ. ಹೊರಗಿನ ಗಾಳಿ ಎಳೆಯುವ ವ್ಯವಸ್ಥೆ ಇದ್ದರೆ ಮುಚ್ಚಿ. ಕಿಟಕಿಗೆ ಕೂರಿಸುವ ಎಸಿಯಲ್ಲೂ ಹೊರಗಾಳಿ ಬರುವ ಚಿಕ್ಕ ಬಾಯಿ ಇರುತ್ತದೆ, ಅದನ್ನೂ ಮುಚ್ಚಬೇಕು.

ಬಚ್ಚಲಿನ ಫ್ಯಾನ್, ಬಟ್ಟೆ ಡ್ರೈಯರ್ ಒಳಗಿನ ಗಾಳಿ ಹೊರಗೆ ದೂಡುತ್ತವೆ. ಅಷ್ಟೇ ಗಾಳಿ ಹೊರಗಿನಿಂದ ಸಂದುಗಳಲ್ಲಿ ಒಳಗೆ ಬರುತ್ತದೆ. ಸ್ನಾನವಾದ ತಕ್ಷಣ ಫ್ಯಾನ್ ನಿಲ್ಲಿಸಿ. ಬಟ್ಟೆ ಒಗೆಯುವುದನ್ನು ಹೊಗೆ ಕಡಿಮೆ ಇರುವ ಹೊತ್ತಿಗೆ ತಳ್ಳಿ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಅಭ್ಯಾಸ ಅಮ್ಮನಿಗಿದ್ದರೆ ಈ ವಾರ ಮಾತ್ರ ಬೇಡ ಅನ್ನಿ.

ಹಂತ 4: ಅಡುಗೆಮನೆ ಮತ್ತು ದೇವರಮನೆ

ನಮ್ಮ ಮನೆಗಳಿಗೆ ಇದು ದೊಡ್ಡ ಹಂತ. ಇಂಗ್ಲಿಷ್ ಸಲಹೆಗಳಲ್ಲಿ "ಹುರಿಯಬೇಡಿ" ಅಂತ ಒಂದು ಸಾಲು ಬರೆದು ಬಿಡುತ್ತಾರೆ. ನಮ್ಮ ಅಡುಗೆಯಲ್ಲಿ ಒಗ್ಗರಣೆ ಇಲ್ಲದ ದಿನ ಯಾವುದಿದೆ?

ಒಂದು ಬೆಳಗ್ಗೆ ನಮ್ಮ ಮನೆಯ ಯಂತ್ರದ ಮೇಲೆ ಪಿಎಂ 2.5ರ ಅಂಕಿ 9 ಇತ್ತು. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಕಪ್ಪಾಯಿತು. ಎರಡೇ ನಿಮಿಷ. ಅಂಕಿ 140. ಮತ್ತೆ ಎರಡಂಕಿಗೆ ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಕಿಟಕಿ ತೆಗೆಯಲಾಗದ ದಿನ ಈ ಹೊಗೆ ಹೋಗುವುದಾದರೂ ಎಲ್ಲಿಗೆ?

ಹಾಗಾಗಿ ಹೊಗೆ ವಾರಕ್ಕೆ ಬೇರೆ ಅಡುಗೆ. ಇಡ್ಲಿ, ಕುಕ್ಕರ್‌ನಲ್ಲಿ ಬಿಸಿಬೇಳೆಬಾತ್, ಮೊಸರನ್ನ, ನೆನೆಸಿದ ಅವಲಕ್ಕಿ, ಕೋಸಂಬರಿ. ಪುಳಿಯೋಗರೆ ಗೊಜ್ಜು ಮೊದಲೇ ಮಾಡಿಟ್ಟರೆ ಅನ್ನಕ್ಕೆ ಕಲಸಿದರಾಯಿತು. ಜುಲೈನಲ್ಲೇ ಒಂದು ಶೀಶೆ ಒಗ್ಗರಣೆ ಎಣ್ಣೆ ಮಾಡಿ ಫ್ರಿಜ್‌ನಲ್ಲಿಡುವ ಯೋಚನೆ ಬಂದೀತು. ಅದು ಬೇಡ, ಕರಿಬೇವು, ಬೆಳ್ಳುಳ್ಳಿ ಇರುವ ಎಣ್ಣೆ ಬಹಳ ದಿನ ಸುರಕ್ಷಿತವಲ್ಲ. ಒಂದೇ ಒಂದು ಒಗ್ಗರಣೆ ಹಾಕಲೇಬೇಕಾದರೆ ಚಿಕ್ಕ ಸೌಟಿನಲ್ಲಿ, ಸಣ್ಣ ಉರಿಯಲ್ಲಿ, ಮುಚ್ಚಳ ಹಿಡಿದು ಹಾಕಿ. ಆ ಹೊತ್ತಿಗೆ ಶುದ್ಧ ಕೋಣೆಯ ಬಾಗಿಲು ಮುಚ್ಚಿರಲಿ. ಪೂರಿ, ಹಪ್ಪಳ, ಬಜ್ಜಿ ಬೇಡ.

ಒಲೆಯ ಮೇಲಿನ ಹುಡ್ ಬಗ್ಗೆ ಒಂದು ಪರೀಕ್ಷೆ ಮಾಡಿ. ಹುಡ್ ಹಾಕಿ, ಅದರ ಮೇಲ್ಭಾಗದಲ್ಲಿ ಅಂಗೈ ಹಿಡಿಯಿರಿ. ಗಾಳಿ ನಿಮ್ಮ ಮುಖದ ಕಡೆಗೇ ಬೀಸಿದರೆ ಅದು ಹೊಗೆಯನ್ನು ಹೊರಗೆ ಕಳಿಸುತ್ತಿಲ್ಲ, ತಿರುಗಿಸಿ ಮನೆಗೇ ಬಿಡುತ್ತಿದೆ. ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಸಾಮಾನ್ಯ. ಹೊರಗೆ ಕಳಿಸುವ ಹುಡ್ ಆದರೆ ಅಡುಗೆ ಮಾಡುವಾಗ ಹಾಕಿ, ಮುಗಿದ ಮೇಲೆ ನಿಲ್ಲಿಸಿ.

ದೇವರ ವಿಷಯ ನಾಜೂಕು. ಅತ್ತೆಗೆ "ಊದುಬತ್ತಿ ಹಚ್ಚಬೇಡಿ" ಅಂದರೆ ಮನಸ್ಸಿಗೆ ನೋವಾಗುತ್ತದೆ. ನಮ್ಮಲ್ಲಿ ಹೀಗೆ ಮಾಡಿದೆವು: ತುಪ್ಪದ ಒಂದು ಸಣ್ಣ ದೀಪ, ಹೂವು, ನೈವೇದ್ಯ ಇರಲಿ. ಊದುಬತ್ತಿ, ಧೂಪ, ಕರ್ಪೂರ ಹೊಗೆ ಹೋಗುವವರೆಗೆ ಬೇಡ. 2020ರಲ್ಲಿ ಗಣೇಶನ ಹಬ್ಬ ಬಂದಿದ್ದು ಆಗಸ್ಟ್ 22ಕ್ಕೆ. ಆಗಸ್ಟ್ 18ರಿಂದ ಸತತ 30 ದಿನ ಬೇ ಏರಿಯಾದಲ್ಲಿ ಗಾಳಿ ಕೆಟ್ಟಿದೆ ಎಂಬ ಎಚ್ಚರಿಕೆ ಇತ್ತು. ಆ ವರ್ಷ ಕರಿದ ಕಡುಬು ಬಿಟ್ಟು ಆವಿಯಲ್ಲಿ ಬೇಯಿಸಿದ ಕಡುಬು ಮಾಡಿದೆವು. ಮಂಗಳಾರತಿ ತುಪ್ಪದ ಬತ್ತಿಯಲ್ಲೇ ಆಯಿತು. ಹಬ್ಬ ಚೆನ್ನಾಗಿಯೇ ನಡೆಯಿತು.

ಕಸ ಗುಡಿಸುವುದು, ಹೆಪಾ ಇಲ್ಲದ ವ್ಯಾಕ್ಯೂಮ್ ಹಾಕುವುದು ಎರಡೂ ಕೂತ ಧೂಳನ್ನು ಎಬ್ಬಿಸುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಂತ 5: ಮಾಸ್ಕ್ ಮುಖಕ್ಕೆ ಕೂರಬೇಕು

ಬಟ್ಟೆಯ ಮಾಸ್ಕ್, ನೀಲಿ ಸರ್ಜಿಕಲ್ ಮಾಸ್ಕ್, ಒದ್ದೆ ಕರ್ಚೀಫು ಈ ಹೊಗೆಗೆ ಸಾಲವು. ಪಿಎಂ 2.5 ಕಣ ತಲೆಗೂದಲಿನ ಸುಮಾರು ಮೂವತ್ತನೇ ಒಂದು ಭಾಗದಷ್ಟು ದಪ್ಪ. ಸಂದು ಇದ್ದಲ್ಲಿ ನುಗ್ಗುತ್ತದೆ.

ಎನ್95 ಹಾಕುವ ಕ್ರಮ ಹೀಗೆ. ಮಾಸ್ಕ್ ಗಲ್ಲದಿಂದ ಮೇಲಕ್ಕೆ ಇಡಿ. ಮೇಲಿನ ಪಟ್ಟಿ ತಲೆಯ ಹಿಂದೆ ಎತ್ತರದಲ್ಲಿ, ಕೆಳಗಿನ ಪಟ್ಟಿ ಕಿವಿಯ ಕೆಳಗೆ ಕುತ್ತಿಗೆಗೆ. ಎರಡೂ ಕೈಬೆರಳಿನಿಂದ ಮೂಗಿನ ತಗಡು ಒತ್ತಿ. ಈಗ ಜೋರಾಗಿ ಉಸಿರು ಬಿಡಿ. ಕಣ್ಣಿನ ಹತ್ತಿರ ಗಾಳಿ ತಾಗಿದರೆ, ಕನ್ನಡಕ ಮಂಜಾದರೆ ಸರಿಯಾಗಿ ಕೂತಿಲ್ಲ. ಗಡ್ಡದ ಮೇಲೆ ಯಾವ ಮಾಸ್ಕೂ ಕೂರುವುದಿಲ್ಲ. ನಮ್ಮಪ್ಪನಿಗೆ ಇದನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. ಕನ್ನಡಿ ಮುಂದೆ ನಿಲ್ಲಿಸಿ ಉಸಿರು ಬಿಡಿಸಿದೆ, ಕನ್ನಡಕ ಮಂಜಾಗಿದ್ದು ಅವರಿಗೇ ಕಂಡಿತು. ಮಾರನೇ ದಿನ ಶೇವ್ ಮಾಡಿಕೊಂಡು ಬಂದರು.

ಎನ್95 ಮಕ್ಕಳ ಅಳತೆಗೆ ಮಾಡಿದ್ದಲ್ಲ. ಚಿಕ್ಕ ಅಳತೆಯ ಕೆಎನ್95 ಅಥವಾ ಕೆಎಫ್94 ಮುಖಕ್ಕೆ ಹೊಂದಿದರೆ ಹಾಕಿ, ಆದರೆ ಮಕ್ಕಳನ್ನು ಹೊರಗೆ ಕಳಿಸದಿರುವುದೇ ಉತ್ತಮ. ಎರಡು ವರ್ಷದೊಳಗಿನ ಮಗುವಿಗೆ ಮಾಸ್ಕ್ ಹಾಕಲೇಬಾರದು.

ಹಂತ 6: ಹೊರಗಿನ ಕೆಲಸಗಳನ್ನು ಒಂದೇ ಸುತ್ತಿಗೆ ಕಟ್ಟಿ

ಹಾಲಿಗೆ ಒಂದು ಸಲ, ಕೊತ್ತಂಬರಿಗೆ ಇನ್ನೊಂದು ಸಲ, ಔಷಧಿಗೆ ಮತ್ತೊಂದು ಸಲ ಹೋದರೆ ಪ್ರತಿ ಸಲವೂ ಬಾಗಿಲು ತೆರೆಯುತ್ತದೆ, ಹೊಗೆ ಒಳಗೆ ಬರುತ್ತದೆ. ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಒಬ್ಬರೇ ಹೋಗಿ, ಗಟ್ಟಿಮುಟ್ಟಾದವರು ಹೋಗಿ.

ಬೆಳಗ್ಗೆ ಬೇಗ ಹೋದರೆ ಗಾಳಿ ಚೆನ್ನಾಗಿರುತ್ತದೆ ಅನ್ನುವುದು ಊರಿನ ಲೆಕ್ಕ. ಇಲ್ಲಿ ಎಷ್ಟೋ ದಿನ ರಾತ್ರಿಯ ತಂಪಿಗೆ ಹೊಗೆ ನೆಲಕ್ಕೆ ಕೂತು, ಬೆಳಗ್ಗೆಯೇ ಹೆಚ್ಚಿರುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಬೀಸಿದ ಮೇಲೆ ತಿಳಿಯಾಗುವುದುಂಟು. ಗಡಿಯಾರ ನೋಡಬೇಡಿ, ನಕ್ಷೆ ನೋಡಿ.

ಕಿತ್ತಳೆಯಲ್ಲಿ ಚಿಕ್ಕ ಕೆಲಸ ಮುಗಿಸಿ ಬರಬಹುದು. ಕೆಂಪಿನಲ್ಲಿ ಬೇಕೇ ಬೇಕಾದ್ದಕ್ಕೆ ಮಾತ್ರ, ಮಾಸ್ಕ್ ಹಾಕಿ. ನೇರಳೆಯಲ್ಲಿ ಔಷಧಿ, ಆಸ್ಪತ್ರೆ ಬಿಟ್ಟು ಬೇರೇನೂ ಬೇಡ. ಸಾಮಾನು ಮನೆಗೆ ತರಿಸಿಕೊಳ್ಳುವುದಾದರೆ ಒಂದು ಮಾತು: ತಂದುಕೊಡುವ ಹುಡುಗ ಇಡೀ ದಿನ ಆ ಹೊಗೆಯಲ್ಲೇ ಓಡಾಡುತ್ತಾನೆ. ಒಂದು ಎನ್95 ಕೊಡಿ, ನೀರು ಕೊಡಿ.

ಕಾರಿನಲ್ಲಿ ಕಿಟಕಿ ಪೂರ್ತಿ ಏರಿಸಿ, ಕಾರಿನ ಚಿತ್ರದೊಳಗೆ ಬಾಣ ತಿರುಗುವ ಬಟನ್ ಒತ್ತಿ. ಆಗ ಒಳಗಿನ ಗಾಳಿಯೇ ಸುತ್ತುತ್ತದೆ. ದೂರದ ಪ್ರಯಾಣವಾದರೆ ಆಗಾಗ ಒಂದೆರಡು ನಿಮಿಷ ಹೊರಗಾಳಿ ಬಿಡಿ, ಇಲ್ಲದಿದ್ದರೆ ತೂಕಡಿಕೆ ಬರುತ್ತದೆ. ಗ್ಲೋವ್‌ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು? ನೆನಪಿಲ್ಲ ಅಂದರೆ ಈಗಲೇ ಬದಲಾಯಿಸಿ. ಮಕ್ಕಳನ್ನೋ ಹಿರಿಯರನ್ನೋ ಕಾರಿನಲ್ಲಿ ಕೂರಿಸಿ "ಐದೇ ನಿಮಿಷ" ಅಂತ ಅಂಗಡಿಗೆ ಹೋಗಬೇಡಿ. ಬಿಸಿಲಿಗೆ ಕಾರು ಬೇಗ ಕಾಯುತ್ತದೆ.

ಹಂತ 7: ಶಾಲೆಗೆ ಮೊದಲೇ ಕೇಳಬೇಕಾದ ಮೂರು ಪ್ರಶ್ನೆ

ಎಕ್ಯೂಐ ಎಷ್ಟಾದರೆ ಆಟದ ಬಿಡುವು ಒಳಗೆ? ತರಗತಿಯಲ್ಲಿ ಪ್ಯೂರಿಫೈಯರ್ ಇದೆಯಾ? ಮಗುವಿನ ಇನ್ಹೇಲರ್ ಯಾರ ಹತ್ತಿರ ಇರುತ್ತದೆ? ಮೂರನ್ನೂ ಈಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಕೆಂಪು ಬಂದರೆ ಹೊರಗಿನ ಓಟ, ಆಟ ಒಳಗೆ ಬರಬೇಕು. ಸಂಜೆಯ ಕ್ರಿಕೆಟ್, ಸಾಕರ್ ಕೋಚ್ ರದ್ದು ಮಾಡದಿದ್ದರೆ ನೀವೇ ಕಳಿಸಬೇಡಿ. ಓಡುವ ಮಗು ಕೂತ ಮಗುವಿಗಿಂತ ಎಷ್ಟೋ ಪಟ್ಟು ಗಾಳಿ ಎಳೆದುಕೊಳ್ಳುತ್ತದೆ.

ಹಂತ 8: ಊರಿಂದ ಬಂದ ಅಪ್ಪ ಅಮ್ಮ

ಅವರಿಗೆ ದಿನದ ಜೀವವೇ ಬೆಳಗಿನ ವಾಕಿಂಗ್. ಫ್ರೀಮಾಂಟ್‌ನ ಲೇಕ್ ಎಲಿಜಬೆತ್ ಕೆರೆಯ ಸುತ್ತ ನಡೆದು, ನಾಲ್ಕು ಜನರ ಜೊತೆ ಮಾತಾಡಿ ಬಂದರೆ ಸಮಾಧಾನ. "ಹೊರಗೆ ಹೋಗಬೇಡಿ" ಅಂತ ಬರೀ ತಡೆದರೆ ನೀವು ಆಫೀಸಿಗೆ ಹೋದ ಮೇಲೆ ಹೋಗಿಯೇ ಹೋಗುತ್ತಾರೆ. ಬದಲಿ ಕೊಡಿ. ಮಿಲ್ಪಿಟಾಸ್‌ನ ಗ್ರೇಟ್ ಮಾಲ್ ಒಳಗೆ ಎರಡು ಸುತ್ತು, ಇಲ್ಲವೇ ಲೈಬ್ರರಿ.

ಔಷಧಿಯಲ್ಲಿ ಒಂದು ತೊಡಕಿದೆ. ಊರಿನಲ್ಲಿ ಸಾಲ್ಬುಟಮಾಲ್ ಅನ್ನುವ ಇನ್ಹೇಲರ್ ಔಷಧಿಗೆ ಇಲ್ಲಿ ಆಲ್ಬುಟೆರಾಲ್ ಅನ್ನುತ್ತಾರೆ. ಎರಡೂ ಒಂದೇ. ಇದು ಗೊತ್ತಿಲ್ಲದೆ ಜನ ತುರ್ತಿನಲ್ಲಿ ಗಾಬರಿಯಾಗುತ್ತಾರೆ. ಪ್ರತಿ ಮಾತ್ರೆಯ ಮೂಲ ಹೆಸರು, ಪ್ರಮಾಣ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಹೊಗೆ ದಿನಗಳಲ್ಲಿ ಏನು ಮಾಡಬೇಕು ಅಂತ ವಿಮಾನ ಹತ್ತುವ ಮುಂಚೆಯೇ ಅವರ ಡಾಕ್ಟರನ್ನು ಕೇಳಿಸಿ.

ತಡ ಮಾಡಬಾರದ ಸೂಚನೆಗಳು

ಗಂಟಲು ಕೆರೆತ, ಕಣ್ಣುರಿ, ಸಣ್ಣ ತಲೆನೋವು ಬಂದರೆ ಶುದ್ಧ ಕೋಣೆಗೆ ಹೋಗಿ, ನೀರು ಕುಡಿಯಿರಿ. ಎದೆನೋವು, ಒಂದು ಪೂರ್ತಿ ಮಾತು ಮುಗಿಸಲು ಆಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಮಾತು ತಡವರಿಸುವುದು, ಇನ್ಹೇಲರ್ ತೆಗೆದುಕೊಂಡರೂ ಇಳಿಯದ ಉಬ್ಬಸ, ಮಗು ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಹೋಗುವುದು ಕಂಡರೆ 911ಕ್ಕೆ ಕರೆ ಮಾಡಿ. ಹಿರಿಯರು "ಗ್ಯಾಸ್ಟ್ರಿಕ್ ಇರ್ಬೇಕು, ಸ್ವಲ್ಪ ಹೊತ್ತು ನೋಡೋಣ" ಅನ್ನುತ್ತಾರೆ. ನೋಡಬೇಡಿ. ಮನೆಯ ವಿಳಾಸ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದು ಫೋನಿನ ಹತ್ತಿರ ಅಂಟಿಸಿ.

ಹಂತ 9: ಸೆಕೆಯೂ ಇದ್ದು, ಕರೆಂಟೂ ಹೋದರೆ

ಎಸಿ ಇಲ್ಲದ ಮನೆಯಲ್ಲಿ ಕಿಟಕಿ ಮುಚ್ಚಿ ಕೂತರೆ ಹೊಗೆಗಿಂತ ಮೊದಲು ಸೆಕೆಯೇ ಹಿರಿಯರನ್ನು ಬೀಳಿಸುತ್ತದೆ. ಮನೆಯೊಳಗೆ ತಡೆಯಲಾಗದಷ್ಟು ಬಿಸಿಯಾದರೆ ಅಲ್ಲಿರಬೇಡಿ. ಎಸಿ ಇರುವ ಸ್ನೇಹಿತರ ಮನೆ, ಲೈಬ್ರರಿ, ಕೌಂಟಿಯವರು ತೆರೆಯುವ ತಂಪು ಕೇಂದ್ರಗಳಿಗೆ ಹೋಗಿ. 211ಕ್ಕೆ ಕರೆ ಮಾಡಿದರೆ ಹತ್ತಿರದ ಕೇಂದ್ರ ತಿಳಿಸುತ್ತಾರೆ. ಜೋರು ಗಾಳಿಯ ದಿನ ಬೆಂಕಿಯ ಭಯಕ್ಕೆ ಬೆಟ್ಟದ ಪಕ್ಕದ ಬಡಾವಣೆಗಳಲ್ಲಿ ಕರೆಂಟ್ ತೆಗೆಯುವುದುಂಟು. ನೆಬ್ಯುಲೈಜರ್, ಸಿಪ್ಯಾಪ್‌ನಂತಹ ಉಸಿರಾಟದ ಯಂತ್ರ ಬಳಸುವವರಿದ್ದರೆ ಬ್ಯಾಟರಿ ಚಾರ್ಜ್ ಆಗಿರಲಿ.

ಹೊಗೆ ದೂರದ್ದೋ, ಬೆಂಕಿಯೇ ಹತ್ತಿರ ಬಂದಿದೆಯೋ ಅನ್ನುವುದು ಬೇರೆಯೇ ಪ್ರಶ್ನೆ. ಅಲಮೀಡಾ ಕೌಂಟಿಯವರು ಎಸಿ ಅಲರ್ಟ್‌ಗೆ, ಸಾಂತಾ ಕ್ಲಾರಾದವರು ಅಲರ್ಟ್ ಎಸ್‌ಸಿಸಿಗೆ ಹೆಸರು ನೋಂದಾಯಿಸಿ, ಇವು ಕೌಂಟಿಗಳು ಫೋನಿಗೆ ತುರ್ತು ಎಚ್ಚರಿಕೆ ಕಳಿಸುವ ಸೇವೆಗಳು. ಬೆಂಕಿ ಎಲ್ಲಿದೆ ಅಂತ ತೋರಿಸುವ ವಾಚ್ ಡ್ಯೂಟಿ ಆ್ಯಪ್ ಕೂಡ ಇರಲಿ. ಮನೆ ಬಿಡಿ ಅಂದರೆ ಈ ಮಾರ್ಗದರ್ಶಿ ಬಿಟ್ಟು, ಪಾಸ್‌ಪೋರ್ಟ್, ಔಷಧಿ ಚೀಲ ಹಿಡಿದು ಹೊರಡಿ.

ಹಂತ 10: ಹೊಗೆ ಹೋದ ಮೇಲೆ

ಎಕ್ಯೂಐ ಹಸಿರಿಗೆ ಬಂದ ತಕ್ಷಣ ಎಲ್ಲ ಕಿಟಕಿ ತೆಗೆಯಿರಿ, ಎದುರುಬದುರು ಗಾಳಿ ಹೊಡೆಯಲಿ. ಸಂಜೆ ಮತ್ತೆ ಹೊಗೆ ಬರಬಹುದು, ಆದರೂ ನಡುವೆ ಸಿಕ್ಕ ಎರಡು ಗಂಟೆ ಬಿಡಬೇಡಿ. ಹೆಪಾ ಕಣಗಳನ್ನು ಹಿಡಿಯುತ್ತದೆ, ವಾಸನೆಯ ಅನಿಲವನ್ನಲ್ಲ. ಆ ವಾಸನೆ ಹೋಗಲು ಈ ಗಾಳಿಯೇ ಬೇಕು.

ಅಂಗಳದ ಬೂದಿಗೆ ಬ್ಲೋವರ್ ಹಿಡಿಯಬೇಡಿ. ಮಾಸ್ಕ್, ಕೈಗವಸು ಹಾಕಿ, ನೀರು ಚಿಮುಕಿಸಿ, ಮೆಲ್ಲಗೆ ಗುಡಿಸಿ. ಮಕ್ಕಳು, ನಾಯಿ ಅಲ್ಲಿ ಆಡದಿರಲಿ. ಹಿತ್ತಲಿನ ಕರಿಬೇವು, ತುಳಸಿ, ಟೊಮೇಟೊ ಚೆನ್ನಾಗಿ ತೊಳೆದು ಬಳಸಿ.

ಕೊನೆಗೆ ಫಿಲ್ಟರ್. ಹೊಸದಾಗಿದ್ದಾಗ ಬಿಳಿ ಇದ್ದದ್ದು ಎರಡು ವಾರಕ್ಕೆ ಕಾಫಿ ಡಿಕಾಕ್ಷನ್ ಸೋಸಿದ ಬಟ್ಟೆಯ ಬಣ್ಣಕ್ಕೆ ಬಂದಿರುತ್ತದೆ, ಮೂಗಿನ ಹತ್ತಿರ ತಂದರೆ ಸುಟ್ಟ ಕಟ್ಟಿಗೆಯ ವಾಸನೆ. ತೊಳೆದು ಮತ್ತೆ ಹಾಕಬೇಡಿ, ಹೆಪಾ ನೀರಿಗೆ ಹಾಳಾಗುತ್ತದೆ. ಮನೆಯ ಹೊರಗೆ ನಿಂತು ತೆಗೆದು, ಚೀಲದಲ್ಲಿ ಕಟ್ಟಿ ಎಸೆಯಿರಿ. ಹೊಸದರ ಅಂಚಿನ ಮೇಲೆ ಪೆನ್ನಿನಿಂದ ತಾರೀಖು ಬರೆದು ಕೂರಿಸಿ. ಅಂಗಡಿಯಲ್ಲಿ ಸಿಗುತ್ತಿರುವಾಗಲೇ ಇನ್ನೊಂದು ತಂದು ಕಪಾಟಿನಲ್ಲಿಡಿ. ಹೊಗೆ ಆಗಸ್ಟ್‌ನಲ್ಲೇ ಬರಬೇಕೆಂದಿಲ್ಲ: 2018ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಸುಟ್ಟ ಹೊಗೆ ಇಲ್ಲಿಗೆ ಬಂದಿದ್ದು ದೀಪಾವಳಿ ಅಮಾವಾಸ್ಯೆಯ ಮಾರನೇ ದಿನ, ನವೆಂಬರ್ 8ಕ್ಕೆ.